ಅಂದು ನಾನು ಕೇಳದೇ ಬಿಟ್ಟ ಮಾತು

ಬಟವಾಡಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸ್ ಆಗಿದ್ದ ಕಾಲ. 1999ರ ಶ್ರಾವಣ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಒಬ್ಬ ಗೃಹಿಣಿ ಒಂದು ಹುಡುಗಿಯನ್ನು ಕರೆತಂದರು. ಹನ್ನೆರಡು ವರ್ಷವಿದ್ದೀತು. ಎಡಗೈ ಮೊಣಕೈವರೆಗೆ ಬೆಂದು, ಕೀವು ಕಟ್ಟಿತ್ತು. ಗಾಯ ನಾಲ್ಕೈದು ದಿನದ್ದು.

"ಹೇಗಾಯ್ತು ಪುಟ್ಟಾ?" ಅಂದೆ.

ಹುಡುಗಿ ಬಾಯಿ ತೆರೆಯುವ ಮೊದಲೇ ಆಕೆ, "ಅನ್ನ ಬಸಿಯೋವಾಗ ಗಂಜಿ ಚೆಲ್ಕೊಂಡ್ಲು ಸಿಸ್ಟರ್. ನಮ್ಮ ಸಂಬಂಧಿಕರ ಹುಡುಗಿ" ಅಂದರು. ವಯಸ್ಸು ಕೇಳಿದೆ, "ಹದಿನಾರು" ಅಂದರು. ಊರು ಯಾವುದಮ್ಮಾ ಅಂದರೆ ಹುಡುಗಿ ಆಕೆಯ ಮುಖ ನೋಡಿದಳು. ತೋಳಿನ ಮೇಲೆ ಹಳೆಯ ಬರೆಗಳೂ ಇದ್ದವು. ಡ್ರೆಸ್ಸಿಂಗ್ ಮಾಡುವಾಗ ಅವಳು ಅಳಲೇ ಇಲ್ಲ. "ಎಷ್ಟು ಜಾಣೆ!" ಅಂತ ನಾನು ಹೊಗಳಿಬಿಟ್ಟೆ.

ಎರಡು ದಿನ ಬಿಟ್ಟು ಬರಹೇಳಿದ್ದೆ. ಬರಲಿಲ್ಲ.

ಆಕೆಯೇನು ರಾಕ್ಷಸಿಯಂತಿರಲಿಲ್ಲ. ಹಬ್ಬದ ಸೀರೆ, ಹಣೆತುಂಬ ಕುಂಕುಮ, ನಮ್ಮ ನಿಮ್ಮ ಹಾಗೆಯೇ. ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಹೆಣ್ಣುಮಕ್ಕಳ ಸಾಗಣೆ ಅಂದರೆ ಮುಂಬಯಿಗೆ ಒಯ್ದು ಮಾರುವುದು ಎಂದಷ್ಟೇ ನಾನು ತಿಳಿದಿದ್ದೆ. ಸುಳ್ಳು ಹೇಳಿ, ಹೆದರಿಸಿ, ಮುಂಗಡ ಕೊಟ್ಟು ಕರೆತಂದು ಇಟ್ಟಿಗೆ ಗೂಡಿನಲ್ಲೋ ಅಡುಗೆಮನೆಯಲ್ಲೋ ಬಿಡದೆ ದುಡಿಸಿಕೊಂಡರೂ ಅದು ಅದೇ. ಜೀತ ರದ್ದಾದದ್ದು 1976ರಲ್ಲಿ. ಆದರೆ ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. "ಅವಳೇ ಒಪ್ಪಿ ಬಂದಳಲ್ಲ" ಎಂಬ ಮಾತೂ ನಡೆಯದು. ಸಾಗಣೆಯ ಅಪರಾಧದಲ್ಲಿ ಒಪ್ಪಿಗೆ ಲೆಕ್ಕಕ್ಕಿಲ್ಲವೆಂದು 2013ರಲ್ಲೇ ಕಾನೂನಾಯಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮೂ ಹಾಗೆಯೇ ಹೇಳುತ್ತದೆ.

ಅಂದು ನಾನು ಮಾಡಬೇಕಾಗಿದ್ದುದು ದೊಡ್ಡದೇನಲ್ಲ. "ತೂಕ ನೋಡ್ಬೇಕು, ನೀವು ಇಲ್ಲೇ ಕೂತಿರಿ" ಎಂದು ಹುಡುಗಿಯೊಬ್ಬಳನ್ನೇ ಒಳಗೆ ಕರೆಯಬೇಕಿತ್ತು. ಬಾಗಿಲು ಹಾಕಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಬೇಕಿತ್ತು: "ಅಮ್ಮನ ಜೊತೆ ಮಾತಾಡಿ ಎಷ್ಟು ದಿನ ಆಯ್ತು? ರಾತ್ರಿ ಎಲ್ಲಿ ಮಲಗ್ತೀಯಾ? ಊರಿಗೆ ಹೋಗ್ತೀನಿ ಅಂದ್ರೆ ಕಳಿಸ್ತಾರಾ?" ಭಾಷೆ ಬಾರದವಳಾದರೆ ಜೊತೆಗೆ ಬಂದವರನ್ನು ಬಿಟ್ಟು ಬೇರೊಬ್ಬರಿಂದ ಕೇಳಿಸಬೇಕು. ಗಾಯ ಮುಟ್ಟುವ ಮೊದಲು "ಮುಟ್ಟಲಾ?" ಅನ್ನಬೇಕು. ತನ್ನ ಮೈಯ ಮೇಲೆ ತನ್ನ ಮಾತು ನಡೆದು ಎಷ್ಟು ದಿನವಾಗಿರುತ್ತದೋ!

ಒಂದು ಎಚ್ಚರಿಕೆ. ಅತ್ತೆಯ ಮುಂದೆ ಬಾಯಿಬಿಡದ ಸೊಸೆಯಂದಿರು ನಮ್ಮಲ್ಲಿ ಎಷ್ಟಿಲ್ಲ? ಒಂದೇ ಗುರುತು ಹಿಡಿದು ತೀರ್ಮಾನಿಸಬಾರದು. ತಡವಾಗಿ ತಂದ ಗಾಯ, ಹೊಂದದ ಕಥೆ, ತಾನಿರುವ ಬೀದಿಯ ಹೆಸರೂ ತಿಳಿಯದಿರುವುದು, ಇವೆಲ್ಲ ಒಟ್ಟುಗೂಡಿದಾಗ ಯೋಚಿಸಬೇಕು. ಜೊತೆಗಿರುವವರನ್ನು ಮುಖಾಮುಖಿ ಗದರಲೂಬಾರದು. ಮನೆಗೆ ಹೋದ ಮೇಲೆ ಪೆಟ್ಟು ತಿನ್ನುವವಳು ಅವಳೇ.

ಬಲವಂತವಾಗಿ ಬಾಯಿಬಿಡಿಸಬಾರದು. ವಯಸ್ಕಳಾದರೆ ಏನೇನು ನೆರವಿದೆ ಎಂದು ತಿಳಿಸಿ, ಮುಂದಿನ ಹೆಜ್ಜೆ ಅವಳಿಗೇ ಬಿಡಬೇಕು. ಮಗುವಾದರೆ ಹಾಗಲ್ಲ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡದೆ 1098ಕ್ಕೆ ತಿಳಿಸಬೇಕು. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೋ ಕಾಯಿದೆಯಂತೆ ತಿಳಿಸುವುದು ಕಡ್ಡಾಯ. ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಚಿಕಿತ್ಸೆ ಉಚಿತ, ಪೊಲೀಸ್ ಕಾಗದ ತನ್ನಿ ಎನ್ನುವಂತಿಲ್ಲ. ಆಮೇಲೆ ಆ ಹೆಸರು ಅಕ್ಕಪಕ್ಕದವರ ಬಾಯಿಗೆ ಬೀಳದಂತೆ ಕಾಯುವುದೂ ಶುಶ್ರೂಷೆಯೇ.

ಇದೆಲ್ಲ ನರ್ಸುಗಳಿಗೆ ಮಾತ್ರವೇ? ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುವ ನಮಗೂ ಕಣ್ಣಿದೆ. ನನ್ನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ ಇನ್ನು ಮೂರು ನಂಬರು ಬರೆದಿದ್ದೇನೆ: ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112. ವರ್ಷ ಬದಲಾದಾಗ ಹೊಸ ಕ್ಯಾಲೆಂಡರಿಗೆ ಮೊದಲು ಅವನ್ನೇ ಬರೆಯುತ್ತೇನೆ. ಬರೆಯುವಾಗಲೆಲ್ಲ ಅಳದೆ ಕೂತಿದ್ದ ಆ ಹುಡುಗಿ ನೆನಪಾಗುತ್ತಾಳೆ. ಅವಳ ಹೆಸರನ್ನೂ ನಾನು ಅವಳ ಬಾಯಿಂದ ಕೇಳಲಿಲ್ಲ.