ಶಿಲುಬೆಯ ಬ್ರೇಸ್‌ಲೆಟ್ಟೂ ನಮ್ಮ ಮುಯ್ಯಿಯೂ

ಈ ಸಲ ಭತ್ತದ ಸುದ್ದಿ ಇಲ್ಲ, ಬೆಳ್ಳಿ ಸುದ್ದಿ ಬರೀತೀನಿ. ಮುಯ್ಯಿ ಮಾಡೋರಿಗೆ ಉಪಯೋಗಕ್ಕೆ ಬರಬಹುದು ನೋಡ್ರಿ.

ಕಂಪ್ಲಿ ಕಡೆ ನಮ್ಮ ಗದ್ದೆಯ ಪಕ್ಕದ ಬದುವಿನವನು ನನ್ನ ಗೆಳೆಯ, ಕ್ರೈಸ್ತ ಮನೆತನ. ಮೂವತ್ತು ವರ್ಷದಿಂದ ನಾಟಿಗೆ ಅವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ. ಮುಯ್ಯಾಳಿನ ಲೆಕ್ಕ ಇನ್ನೂ ಹರಿದಿಲ್ಲ. ಅವನ ಮಗಳು ಬಿ.ಎಡ್. ಮುಗಿಸಿ ಸಂಡೂರಿನಲ್ಲಿ ಟೀಚರ್ ಆಗಿ ಸೇರಿದಳು. ಒಂದು ಬೆಳ್ಳಿ ಬ್ರೇಸ್‌ಲೆಟ್ ಕೊಡೋಣ, ಅದರಲ್ಲಿ ಸಣ್ಣ ಶಿಲುಬೆ ಇರಲಿ ಅಂದೆ. ನಮ್ಮ ಮನೆಯಾಕೆ, "ಲಿಂಗ ಕಟ್ಟಿಕೊಂಡವ್ರು ನಾವು. ಶಿಲುಬಿ ಕೊಟ್ರ ಅವ್ರಿಗೆ ಹೆಂಗನಸ್ತದೋ ಏನೋ. ಸುಮ್ನ ಒಂದು ಸೀರಿ ಕೊಟ್ರಾಗಲ್ಲೇನ್ರಿ?" ಅಂದಳು. ತೆಗೆದುಹಾಕುವ ಮಾತಲ್ಲ ಅದು. ಆದರೆ ನಮ್ಮ ಮಗಳ ಮದುವೆಗೆ ಆ ಗೆಳೆಯ ತಂದಿದ್ದು ಲಿಂಗದ ಬೆಳ್ಳಿ ಕರಡಿಗೆ. ಯಾವ ಆಕಾರ, ಶಿವದಾರ ಎಲ್ಲಿ ಪೋಣಿಸ್ತಾರೆ ಅಂತ ನಮ್ಮ ಸ್ವಾಮಿಗಳನ್ನೇ ಕೇಳಿ ತಿಳ್ಕೊಂಡು ತಂದಿದ್ದ. "ಅವತ್ತು ಅವ ಸೀರಿ ತಂದಿದ್ನೇನು?" ಅಂದೆ. ಮರುದಿನ ಹೊಸಪೇಟೆಗೆ ಆಕೆಯೇ ಮುಂದಾಗಿ ಹೊರಟಳು.

ನಾವೂ ಕೇಳಿಕೊಂಡೇ ಹೋದೆವು. ಯೇಸುವಿನ ಮೂರ್ತಿ ಇರುವ ಶಿಲುಬೆ ಹೆಚ್ಚಾಗಿ ಕ್ಯಾಥೊಲಿಕರದು, ಪ್ರಾಟೆಸ್ಟಂಟರದು ಬರೀ ಶಿಲುಬೆ. ಗೆಳೆಯನ ಮನೆಯವರು ಎರಡನೆಯವರು. ನಮ್ಮ ಜಿಲ್ಲೆಗೆ ಅದು ಹೊಸದೇನಲ್ಲ. ಬೈಬಲ್ಲನ್ನು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ತೂಗಾಡುವ ಶಿಲುಬೆ. ಚಂದ ಇತ್ತು. ಆದರೆ ಈ ಹುಡುಗಿ ದಿನಾ ಬೋರ್ಡ್ ಮೇಲೆ ಬರೆಯೋಳು, ರಜೆಗೆ ಬಂದರೆ ಮೆಣಸಿನಕಾಯಿ ಬಿಡಿಸೋಳು. ತೂಗಾಡುವುದು ಸೆರಗಿಗೋ ಗಿಡದ ಕವಲಿಗೋ ಸಿಕ್ಕೇ ಸಿಗುತ್ತೆ. ಅಡ್ಡ ಮಲಗಿಸಿ ಎರಡೂ ತುದಿ ಚೈನಿಗೆ ಸೇರಿಸಿದ್ದನ್ನು ಆರಿಸಿದೆವು. ಮೂಲೆಗಳನ್ನು ಬೆರಳಿಂದ ಸವರಿ ನೋಡ್ರಿ, ಚೂಪಿದ್ದರೆ ಬೇಡ. ಕೊಂಡಿ ಹತ್ತಿರದ ಸಣ್ಣ ಉಂಗುರಕ್ಕೆ ಬೆಸುಗೆ ಇರಬೇಕು. ಬರೀ ಬಗ್ಗಿಸಿ ಮುಚ್ಚಿದ್ದು ಎಳೆದರೆ ಬಾಯಿ ಬಿಡುತ್ತೆ.

"ಶುದ್ಧ ಬೆಳ್ಳಿ ಕೊಡ್ರಿ" ಅನ್ನೋದು ನಮ್ಮ ಜನರ ರೂಢಿ. ದಿನಾ ಹಾಕುವ ಸಣ್ಣ ಚೈನಿಗೆ ಶುದ್ಧ ಬೆಳ್ಳಿ ಮೆತ್ತಗಾಗುತ್ತೆ. 925 ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅದಕ್ಕೇ ಗಟ್ಟಿ. ಆದರೆ 925 ಅಂತ ಯಾರು ಬೇಕಾದರೂ ಒತ್ತಬಹುದು, ಜೊತೆಗೆ ಬಿಐಎಸ್ ಗುರುತು ಇದೆಯಾ ನೋಡಬೇಕು. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ಹಾಗಾಗಿ ಬಾಯಿ ಬಿಟ್ಟು ಕೇಳಬೇಕು. 2025ರ ಸೆಪ್ಟೆಂಬರಿನಿಂದ ಹಾಲ್‌ಮಾರ್ಕ್ ಆದ ಬೆಳ್ಳಿಗೂ ಎಚ್‌ಯುಐಡಿ ನಂಬರ್ ಬಂದಿದೆ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಹಂಪಿ ನೋಡೋಕೆ ಬಂದವರು 'ಜರ್ಮನ್ ಸಿಲ್ವರ್' ಬಳೆ ಕೊಂಡುಹೋಗ್ತಾರೆ. ಹೆಸರಷ್ಟೇ ಸಿಲ್ವರ್, ಇರೋದು ತಾಮ್ರ, ನಿಕ್ಕೆಲ್, ಸತು. ನಿಕ್ಕೆಲ್ ಕೆಲವರ ಚರ್ಮಕ್ಕೆ ಆಗಲ್ಲ. ಬೇಕಾದರೆ ಹಾಕ್ಕೊಳ್ರಿ, ಬೆಳ್ಳಿ ರೇಟ್ ಮಾತ್ರ ಕೊಡಬ್ಯಾಡ್ರಿ.

ಬಿಲ್ಲಿನಲ್ಲಿ ತೂಕ, ಬೆಳ್ಳಿ ದರ, ಮಜೂರಿ ಬೇರೆ ಬೇರೆ ಬರೆಸಿಕೊಂಡೆವು. ಮುಂದೆ ಮಾರಿದರೆ ಬೆಳ್ಳಿ ತೂಕಕ್ಕೆ ದುಡ್ಡು ಬರುತ್ತೆ, ಮಜೂರಿ ಬರಲ್ಲ.

ರೈತರ ಮನೆಯವರಿಗೆ ಎರಡು ಮಾತು. ಬೆಳ್ಳಿ ಕಪ್ಪಾದರೆ ಮೈ ಉಷ್ಣ ಅಂತಾರೆ, ಅದನ್ನ ನಾನು ಒಪ್ಪಲ್ಲ. ಮುಖ್ಯ ಕಾರಣ ಗಂಧಕ. ಮೆಣಸಿನ ಬೂದಿ ರೋಗಕ್ಕೆ ಗಂಧಕ ಹೊಡೀತೀವಲ್ಲ, ಆವತ್ತು ಬೆಳ್ಳಿ ಬಿಚ್ಚಿಟ್ಟೇ ಹೊಲಕ್ಕೆ ಇಳೀರಿ. ಇನ್ನು ಒಕ್ಕುವ ಮೆಷಿನ್, ಮೇವು ಕತ್ತರಿಸುವ ಮೆಷಿನ್, ಪಂಪಿನ ಬೆಲ್ಟ್ ಹತ್ತಿರ ಹೋಗುವಾಗ ಕೈಯಲ್ಲಿ ಬ್ರೇಸ್‌ಲೆಟ್, ಕಡಗ, ಏನೂ ಇರಬಾರದು. ಸಿಕ್ಕಿಕೊಂಡರೆ ಚೈನಿನ ಜೊತೆ ಕೈನೂ ಎಳ್ಕೊಂಡು ಹೋಗುತ್ತೆ.

ಕೊಟ್ಟ ದಿನ ಗೆಳೆಯ ಡಬ್ಬಿ ತೆಗೆದು ನೋಡಿ, ಮಾತಾಡದೆ ಮಗಳ ಕೈಗೆ ತಾನೇ ಹಾಕಿದ. ಮನೆಯಾಕೆ ಹುಡುಗಿಗೆ, "ಸಂಡೂರಿನ ಕೆಂಪು ಧೂಳು ಕೊಂಡ್ಯಾಗ ಕೂರ್ತದವ್ವಾ, ತೊಳೆದು ವಿಭೂತಿ ಹಚ್ಚಿ ಮೆತ್ತಗ ಉಜ್ಜು, ಬೆಳ್ಳಗಾಗ್ತದ" ಅಂದಳು.

"ನಮ್ಮನ್ಯಾಗ ವಿಭೂತಿ ಎಲ್ಲೈತಿ ದೊಡ್ಡವ್ವಾ? ತಿಂಗಳಿಗೊಮ್ಮೆ ನಿಮ್ಮನಿಗೇ ತರ್ತೀನಿ ತಗೋ" ಅಂದಳು ಹುಡುಗಿ.