ಮಜ್ಜಿಗೆ ಕುಡಿದ ಪಿಕಪ್

ಕೊನೆಕೊಯ್ಲಿನ ರಾತ್ರಿಗಳಲ್ಲಿ ನಮ್ಮನೆ ಅಂಗಳದ ಅಡಿಕೆ ಒಲೆ ಆರುವುದೇ ಇಲ್ಲ. ಹಂಡೆಯಲ್ಲಿ ಚೊಗರು ಕುದಿಯುತ್ತಿರುತ್ತದೆ, ಸುಲಿಯುವವರ ಮೆಟ್ಟುಗತ್ತಿ ಕಟಕ್ ಕಟಕ್ ಎನ್ನುತ್ತಿರುತ್ತದೆ. ಯಾರೂ ತೂಕಡಿಸದ ಹಾಗೆ ಒಬ್ಬರು ಕಥೆ ಹೇಳಲೇಬೇಕು. ದೆವ್ವದ ಕಥೆ ಮುಗಿದ ಮೇಲೆ ಪಿಕಪ್ಪಿನ ಕಥೆ. ಹೇಳುವವರು ಬದಲಾಗುತ್ತಾರೆ, ಕಥೆಯೊಳಗಿನ ಮಜ್ಜಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋಗಿದೆ. ನಾನು ಆ ದಿನ ಗಾಡಿಯ ಹಿಂದುಗಡೆ ಕೂತಿದ್ದವನು, ನನ್ನದನ್ನು ಸ್ವಲ್ಪ ನಂಬಬಹುದು.

ಗಾಡಿ 1951ರ ವಿಲ್ಲೀಸ್ ಪಿಕಪ್. ಯುದ್ಧಕ್ಕೆ ಜೀಪು ಮಾಡಿಕೊಟ್ಟ ಅಮೆರಿಕದ ಕಂಪನಿ, ಯುದ್ಧ ಮುಗಿದ ಮೇಲೆ 1947ರಿಂದ ತಯಾರಿಸಿದ ಬಂಡಿ ಅದು. ಜೀಪಿನ ವಂಶದ್ದೇ ನಾಲ್ಕು ಸಿಲಿಂಡರಿನ ಇಂಜಿನ್ನು, ಹಿಂದೆ ಅಡಿಕೆ ಮೂಟೆಗೆ ಹೇಳಿ ಮಾಡಿಸಿದಂಥ ತೊಟ್ಟಿ. ಅಜ್ಜಯ್ಯ ಅದನ್ನು ಒಂದು ಕಾಫಿ ತೋಟದವರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹಿಂಬಾಗಿಲ ತಗಡಿನ ಮೇಲೆ ಕಂಪನಿಯ ಹೆಸರು ಇಂಗ್ಲಿಷಿನ ಉಬ್ಬು ಅಕ್ಷರದಲ್ಲಿತ್ತು. ನಾನು ಇಂಗ್ಲಿಷ್ ಅಕ್ಷರ ತಿದ್ದಿದ್ದು ಅದರ ಮೇಲೆ ಬೆರಳಾಡಿಸಿಯೇ. ಹಾಗಾಗಿ ನನ್ನ ಎಬಿಸಿ ಶುರುವಾದದ್ದು ಡಬ್ಲ್ಯೂನಿಂದ.

ಬ್ಯಾಟರಿ ಆರು ವೋಲ್ಟಿನದು. ಮಳೆಗಾಲದಲ್ಲಿ ಅದಕ್ಕಿಂತ ಮಿಣುಕುಹುಳದ ಬೆಳಕೇ ವಾಸಿ. ಬೆಳಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕು. ತಿರುಗಿಸುವಾಗ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಅದು ಉಳಿದ ನಾಲ್ಕು ಬೆರಳಿನ ಮಗ್ಗುಲಲ್ಲೇ ಇರಬೇಕು. ಇಂಜಿನ್ನು ಹಿಂದಕ್ಕೆ ಒದ್ದರೆ ಸುತ್ತಿದ ಬೆರಳು ಹೋಯಿತೆಂದೇ ಲೆಕ್ಕ. ಇದನ್ನು ನಮಗೆಲ್ಲ ಕಲಿಸಿದ ಅಪ್ಪಯ್ಯನ ಬಲಗೈ ಹೆಬ್ಬೆರಳು ಕೊನೆಯವರೆಗೂ ಸೊಟ್ಟಗೇ ಇತ್ತು.

1974ರ ಮೇ ತಿಂಗಳು. ಚಿಕ್ಕಪ್ಪನ ಮದುವೆ ಘಟ್ಟದ ಕೆಳಗೆ, ಹೆಬ್ರಿ ಕಡೆ. ಮದುವೆ ಮುಗಿಸಿಕೊಂಡು ಮದುಮಗಳ ಸಮೇತ ಮಧ್ಯಾಹ್ನದ ಉರಿಬಿಸಿಲಲ್ಲಿ ಆಗುಂಬೆ ಘಾಟಿ ಹತ್ತಿದೆವು. ಸಂಜೆ ತಂಪಾದ ಮೇಲೆ ಹೊರಡೋಣ ಅಂದರೆ ಅಜ್ಜಯ್ಯನಿಗೆ ಮುಹೂರ್ತದ ಅವಸರ: ಹೊಸ ಸೊಸೆ ದೀಪ ಹಚ್ಚುವ ಹೊತ್ತಿಗೆ ಹೊಸಿಲು ದಾಟಬೇಕು. ಸ್ಟಿಯರಿಂಗ್ ಹಿಡಿದವರೂ ಅವರೇ. ಪಕ್ಕದಲ್ಲಿ ಮದುಮಕ್ಕಳು. ಹಿಂದಿನ ತೊಟ್ಟಿಯಲ್ಲಿ ನಾವು ಹನ್ನೊಂದು ಜನ, ಜಮಖಾನ, ಪಾತ್ರೆ, ಬಾಳೆಗೊನೆ, ಮದುಮಗಳ ಟ್ರಂಕು.

ಆಗುಂಬೆ ಘಾಟಿಗೆ ಹದಿನಾಲ್ಕು ತಿರುವು. ನಾನು ಎಣಿಸುತ್ತಿದ್ದೆ. ಒಂಬತ್ತು ಅಂದದ್ದೇ ತಡ, ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹ್ಯಾಂಡ್ ಬ್ರೇಕನ್ನು ನಂಬುವಂತಿರಲಿಲ್ಲ. ‘ಗಾಲಿಗೆ ಕಲ್ಲು ಕೊಡ್ರೋ!’ ಅಂತ ಅಜ್ಜಯ್ಯ ಕೂಗುವಷ್ಟರಲ್ಲಿ ಅಪ್ಪಯ್ಯ ಹಾರಿ ಇಳಿದಾಗಿತ್ತು.

ಬಾನೆಟ್ ತೆಗೆದ ಅಜ್ಜಯ್ಯನಿಗೆ ನೋಡುವುದಕ್ಕೇನೂ ಉಳಿದಿರಲಿಲ್ಲ, ರೋಗ ಹಳೆಯದೇ. ಆ ಇಂಜಿನ್ನಿನಲ್ಲಿ ಪೆಟ್ರೋಲ್ ಪಂಪು ಇರುವುದು ಎಡಗಡೆ, ಬಿಸಿ ಹೊಗೆ ಹೋಗುವ ಮ್ಯಾನಿಫೋಲ್ಡೂ ಅದೇ ಕಡೆ. ಭಾರ ಹೊತ್ತು ಫಸ್ಟ್ ಗೇರಿನಲ್ಲಿ ಏರು ಹತ್ತಿದರೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗುತ್ತದೆ. ಪಂಪು ಬರೀ ಆವಿಯನ್ನು ಹಿಂಡುತ್ತ ಕೂರುತ್ತದೆ, ಕಾರ್ಬುರೇಟರಿಗೆ ಹನಿಯೂ ಮುಟ್ಟುವುದಿಲ್ಲ. ಮದ್ದೂ ಗೊತ್ತಿದ್ದದ್ದೇ: ಪಂಪಿಗೆ ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡುವುದು. ಅಜ್ಜಯ್ಯ ಹೆಗಲ ಬೈರಾಸು ತೆಗೆದು ಕೈಚಾಚಿದರು. ‘ನೀರು.’

ನೀರಿರಲಿಲ್ಲ. ಕೊಡದಲ್ಲಿದ್ದದ್ದನ್ನು ಸೋಮೇಶ್ವರ ದಾಟುವ ಮೊದಲೇ ನಾವು ಹುಡುಗರು ಕುಡಿದು ಮುಗಿಸಿದ್ದೆವು. ಮಳೆಗಾಲದಲ್ಲಿ ತಿರುವಿಗೊಂದು ಝರಿ ಧುಮುಕುವ ಘಾಟಿ, ಮೇ ತಿಂಗಳಲ್ಲಿ ಒಣಕಲು ಬಂಡೆ. ತಡೆಗೋಡೆಯ ಮೇಲೆ ಕೂತ ಮಂಗಗಳು ನಮ್ಮ ಬಾಳೆಗೊನೆಯನ್ನೇ ನೋಡುತ್ತಿದ್ದವು. ದೊಡ್ಡವರು ಒಬ್ಬರ ಮೇಲೊಬ್ಬರು ತಪ್ಪು ಹಾಕತೊಡಗಿದರು.

ಆಗ ಸೀಟಿನಿಂದ ಹೊಸ ಧ್ವನಿ ಕೇಳಿತು. ‘ಮಾವಯ್ಯ, ಮಜ್ಜಿಗೆ ಆಗ್ತದಾ?’

ದಾರಿಗಿರಲಿ ಎಂದು ತವರಿನವರು ಕಟ್ಟಿಕೊಟ್ಟ ಮಜ್ಜಿಗೆಯ ಉಗ್ಗ ಅವರ ಕಾಲ ಬುಡದಲ್ಲಿತ್ತು. ಬೆಳಗಿನಿಂದ ಆ ಹುಡುಗಿ ನಮ್ಮ ಮನೆಯವರೊಡನೆ ಆಡಿದ ಮೊದಲ ಮಾತು ಅದು. ಮಾವನಿಗೆ ಮೆಕ್ಯಾನಿಕ್ ಕೆಲಸ ಹೇಳಿಕೊಡುವ ಸೊಸೆ! ನನ್ನ ದೊಡ್ಡತ್ತೆಯ ಮುಖ ಹುಳ್ಳಗಾಯಿತು. ಅಜ್ಜಯ್ಯ ಒಂದು ಗಳಿಗೆ ಸುಮ್ಮನಿದ್ದು, ‘ಅದೂ ನೀರೇ ಅಲ್ದೇನೇ, ತಾ’ ಅಂದರು.

ಬೈರಾಸನ್ನು ಮಜ್ಜಿಗೆಯಲ್ಲಿ ಅದ್ದಿ ಪಂಪಿಗೆ ಸುತ್ತಿದರು. ಸಿಡಿದ ಹನಿ ಮ್ಯಾನಿಫೋಲ್ಡಿಗೆ ಬಿದ್ದು ಚುಂಯ್ ಎಂದಿತು. ಸುಟ್ಟ ಹುಳಿ, ಶುಂಠಿ, ಪೆಟ್ರೋಲು ಒಟ್ಟಾದ ಆ ವಾಸನೆಗೆ ಹೆಸರಿಲ್ಲ. ಪಂಪಿನ ಕೆಳಗಿನ ಗಾಜಿನ ಬಟ್ಟಲಿಗೆ ಒಂದು ಕರಿಬೇವಿನ ಎಲೆ ಅಂಟಿಕೊಂಡದ್ದು ನನಗೀಗಲೂ ಕಣ್ಣಿಗೆ ಕಟ್ಟಿದಂತಿದೆ. ಬಟ್ಟೆ ಬಿಸಿಯಾದ ಹಾಗೆ ಮತ್ತೆ ಅದ್ದಿದರು. ಅರ್ಧ ಗಂಟೆ ಕಳೆದ ಮೇಲೆ ಅಪ್ಪಯ್ಯ ಹ್ಯಾಂಡಲ್ ಹಾಕಿ ಮೂರನೇ ಸುತ್ತು ತಿರುಗಿಸುತ್ತಲೇ ಗಾಡಿ ಎದ್ದಿತು. ಸೊಸೆ ಹೊಸಿಲು ದಾಟುವಾಗ ಕತ್ತಲೆಯಾಗಿತ್ತು. ಮುಹೂರ್ತದ ಮಾತನ್ನು ಅಜ್ಜಯ್ಯ ಎತ್ತಲೇ ಇಲ್ಲ.

ಅಜ್ಜಯ್ಯನ ನಂತರ ಗಾಡಿ ಅಪ್ಪಯ್ಯನ ಕೈಗೆ ಬಂತು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಅಂತರ ಒಂದಿಂಚಿನ ಸಾವಿರದಲ್ಲಿ 20 ಭಾಗ ಇರಬೇಕು. ಅಪ್ಪಯ್ಯ ಅದಕ್ಕೆ ಪೋಸ್ಟ್‌ಕಾರ್ಡನ್ನು ಮಡಚಿ ಇಟ್ಟು ನೋಡುತ್ತಿದ್ದರು. ನಮ್ಮ ಎಷ್ಟೋ ನೆಂಟರ ಕ್ಷೇಮಸಮಾಚಾರಕ್ಕೆ ಗ್ರೀಸ್ ಮೆತ್ತಿದೆ. ಬಿಡಿಭಾಗ ಸಿಗದಿದ್ದಾಗ ಶಿವಮೊಗ್ಗದ ಗುಜರಿಯಲ್ಲಿ ಮಹೀಂದ್ರಾ ಜೀಪಿನದು ಹುಡುಕಿದರೆ ಆಯಿತು. ಮಹೀಂದ್ರಾದವರು ಕಟ್ಟಿದ್ದೂ ವಿಲ್ಲೀಸ್ ಜೀಪನ್ನೇ ತಾನೆ.

1988ರಲ್ಲಿ ಹಿಸ್ಸೆಯಾಯಿತು. ತೋಟ, ಗದ್ದೆ, ಕೊಟ್ಟಿಗೆ, ಕಡೆಗೆ ಹಂಡೆಗಳೂ ಎರಡು ಪಾಲಾದವು. ಪಂಚರು ಗಾಡಿಯ ಬಳಿ ಬಂದು ತಲೆ ಕೆರೆದುಕೊಂಡರು. ಮಾರಿ ದುಡ್ಡು ಹಂಚಿಕೊಳ್ಳಿ ಅಂದರು. ಅಲ್ಲಿಯವರೆಗೆ ಒಂದು ಚಮಚಕ್ಕೂ ಬಾಯಿ ಬಿಡದಿದ್ದ ಚಿಕ್ಕಮ್ಮ ಒಳಗಿನಿಂದ ಬಂದು ಕಂಬ ಹಿಡಿದು ನಿಂತರು. ‘ಅದು ನಂಗಿರ್ಲಿ ಭಾವ. ಅದಕ್ಕೆ ಮಜ್ಜಿಗೆ ಕುಡಿಸಿದವಳು ನಾನು.’ ಅಪ್ಪಯ್ಯ ಕೀಲಿಕೈ ತಂದು ಜಗಲಿಯ ಮೇಲಿಟ್ಟರು. ಅಣ್ಣತಮ್ಮಂದಿರು ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಆಮೇಲೆ ಇಂಜಿನ್ ಎರಡು ಸಲ ಬಿಚ್ಚಿ ಕಟ್ಟಿದ್ದಾಗಿದೆ, ಬ್ಯಾಟರಿ ಹನ್ನೆರಡು ವೋಲ್ಟಿನದಾಗಿದೆ, ತೊಟ್ಟಿಯ ತಳದ ತಗಡು ಹೊಸದು. ಹೋದ ವರ್ಷ ಚಿಕ್ಕಮ್ಮ ಕೀಲಿಕೈಯನ್ನು ನನ್ನ ಮಗಳಿಗೆ ಕೊಟ್ಟರು. ಅವಳು ಎಲೆಕ್ಟ್ರಿಕ್ ಪೆಟ್ರೋಲ್ ಪಂಪನ್ನು ಇಂಜಿನ್ನಿನಿಂದ ದೂರದಲ್ಲಿ ಹಾಕಿಸಿದ್ದಾಳೆ, ಆವಿಯ ಕಾಟ ತಪ್ಪಿತು ಅನ್ನುತ್ತಾಳೆ. ಮೊನ್ನೆ ಮೂಟೆ ಹೇರಿ ತೀರ್ಥಹಳ್ಳಿಗೆ ಹೊರಟವಳನ್ನು ಚಿಕ್ಕಮ್ಮ ಒಲೆಯ ಮುಂದಿನಿಂದಲೇ ಕೂಗಿದರು: ‘ಬೈರಾಸು ಇಟ್ಕೊಂಡ್ಯನೇ?’