ರಾಜ್ಯೋತ್ಸವದ ವಾರ: ದಿನಚರಿಯ ಪುಟಗಳು

ಅಕ್ಟೋಬರ್ 26, 2023, ಗುರುವಾರ

ದಸರಾ ರಜೆ ಮುಗಿಯಿತು. ಯಲ್ಲಾಪುರದಿಂದ ರಾತ್ರಿ ಹೊರಟ ಬಸ್ಸು ಬೆಳಗಾಗುವಾಗ ಮೆಜೆಸ್ಟಿಕ್ಕಿಗೆ ಬಂತು. ಆಟೋದವರು ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ರೇಟು ಹೇಳಿದರು. "ಮೀಟರ್ ಹಾಕಿ ಅಣ್ಣಾ" ಎಂದೆ. "ಅರೆ, ಕನ್ನಡ ಎಲ್ಲಿ ಕಲಿತ್ರಿ ಮೇಡಂ? ಸೂಪರಾಗಿ ಮಾತಾಡ್ತೀರಲ್ಲ!"

ಅವರಿಗೆ ನಿಜಕ್ಕೂ ಖುಷಿಯಾಗಿತ್ತು. ನನಗೆ ಮಾತ್ರ ಚುಚ್ಚಿತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಸಂಬಳ ಪಡೆಯುವವಳು ನಾನು. ಮನೆಯಲ್ಲಿ ನಮ್ಮ ಸಿದ್ದಿ ಕೊಂಕಣಿ, ಶಾಲೆ ಸಂತೆಗಳಲ್ಲಿ ಕನ್ನಡ. ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ಕೊಂಕಣಿ ಆಡುತ್ತಾರೆ. ಅವರ ಕನ್ನಡಕ್ಕೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಈ ಬಣ್ಣ, ಈ ಗುಂಗುರು ಕೂದಲು ಇಲ್ಲಿಯದಲ್ಲ ಎಂದು ಮೊದಲೇ ತೀರ್ಮಾನಿಸಿದವರಷ್ಟೇ ನನ್ನ ಕನ್ನಡಕ್ಕೆ ಬೆರಗಾಗುವುದು.

ಅಕ್ಟೋಬರ್ 27, ಶುಕ್ರವಾರ

ಸ್ಟಾಫ್ ರೂಮಿನಲ್ಲಿ ರಾಜ್ಯೋತ್ಸವದ್ದೇ ಮಾತು. ಮೈಸೂರು ರಾಜ್ಯ ಕರ್ನಾಟಕವಾಗಿ 50 ವರ್ಷ, ಈ ಸಲ ಜೋರಾಗಬೇಕು. ಹೆಡ್‌ಮಿಸ್ ನನ್ನ ಕಡೆ ತಿರುಗಿದರು: "ನಿಮ್ಮವರ ಡಾನ್ಸ್ ಇಡೋಣ ಮಿಸ್. ಮಕ್ಕಳಿಗೆ ಸೊಪ್ಪಿನ ಡ್ರೆಸ್ಸು ಹಾಕಿ ಮುಖಕ್ಕೆ ಕಪ್ಪು ಬಳಿದರೆ ಆಯ್ತು. ನೀವೇ ಕಲಿಸಿ."

2021ರಲ್ಲಿ 'ಸಲಗ' ಚಿತ್ರದ ಹಾಡಿನಲ್ಲಿ ನಮ್ಮ ಹೆಣ್ಣುಮಕ್ಕಳು ಹಾಡಿ ಕುಣಿದಾಗ ಕೇರಿಗೆ ಕೇರಿಯೇ ಹೆಮ್ಮೆಪಟ್ಟಿತ್ತು. ಆಮೇಲೆ ಶುರುವಾಯಿತು, ಹೋದಲ್ಲೆಲ್ಲ "ಒಂದು ಸ್ಟೆಪ್ ಹಾಕಿ" ಅನ್ನುವುದು.

"ಊರಲ್ಲಿ ಡಮಾಮಿ ಬಾರಿಸಿ ಕುಣಿಯುವಾಗ ನಮ್ಮ ಆಯಿ ಸೀರೆ ಉಡುತ್ತಾಳೆ ಮಿಸ್. ಮಕ್ಕಳ ಮುಖಕ್ಕೆ ಕಪ್ಪು ಬಳಿಯುವುದಾದರೆ ನಾನು ಕಲಿಸುವುದಿಲ್ಲ. ಸ್ವಲ್ಪ ಹೊತ್ತು ಕೊಡಿ, ಸಿದ್ದಿಗಳ ಚರಿತ್ರೆ ಹೇಳುತ್ತೇನೆ" ಎಂದೆ.

"ಬೇಜಾರಾಗಬೇಡಿ. ನಿಮ್ಮ ಕಲ್ಚರ್ ಅಂದ್ರೆ ನಮಗೆ ತುಂಬಾ ಗೌರವ. ಆದ್ರೆ ಚರಿತ್ರೆ ಅಂದ್ರೆ ಮಕ್ಕಳು ಕೂರಲ್ಲ."

ರಾತ್ರಿ ಆಯಿಗೆ ಫೋನು ಮಾಡಿದೆ. "ಕುಣಿಯೋಕೆ ಕರೆಯೋರು ಪಂಕ್ತಿಲಿ ಜೊತೆಗೆ ಕೂರಿಸ್ಕೊಳ್ತಾರಾ, ಅದನ್ನ ಮೊದ್ಲು ಕೇಳು" ಎಂದಳು.

ಅಕ್ಟೋಬರ್ 29, ಭಾನುವಾರ

ವೇದಿಕೆ ಸಿಗದಿದ್ದರೂ ಹೇಳಬೇಕಾದ್ದನ್ನು ಬರೆದಿಟ್ಟೆ. ನಮ್ಮ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇಂದಿಗೂ ಇದ್ದೇವೆ. ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮಕ್ಕಳು ಪ್ರವಾಸಕ್ಕೆ ಹೋಗಿ ನೋಡುವ ಗೋಲಗುಮ್ಮಟ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವನ ಆಸ್ಥಾನದಲ್ಲಿ ದೊಡ್ಡ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರದ ಸೂತ್ರ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಗಲರಿಗೆ ತಡೆಯೊಡ್ಡಿದ.

ಇಷ್ಟು ಹಳೆಯ ಜನರಾದರೂ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಮ್ಮವರೊಬ್ಬರು ಶಾಸನಸಭೆಯಲ್ಲಿ ಕೂತದ್ದು ಅದೇ ಮೊದಲು.

1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಮಕ್ಕಳನ್ನು ಓಟಕ್ಕೆಂದು ಆರಿಸಿ ತರಬೇತಿ ಕೊಟ್ಟಿತು. ಕೆಲವರು ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. "ಓಟ ನಿಮ್ಮ ರಕ್ತದಲ್ಲೇ ಇದೆ" ಎಂಬ ಮಾತು ಮಾತ್ರ ಉಳಿಯಿತು. ನಾವು ಓಡಬೇಕು, ಕುಣಿಯಬೇಕು. ನಾವು ಏನು ಓದಿದ್ದೇವೆ, ಏನು ಯೋಚಿಸುತ್ತೇವೆ ಎಂದು ಕೇಳುವವರು ಅಪರೂಪ.

ನವೆಂಬರ್ 1, ಬುಧವಾರ

ಬಾವುಟ ಏರಿತು, ನಾಡಗೀತೆ ಆಯಿತು. ಮಕ್ಕಳು ಚೆಂದ ಕುಣಿದರು. ಮೈಸೂರು ಸೀಮೆಯ ಕಂಸಾಳೆ, ಕರಾವಳಿಯ ಯಕ್ಷಗಾನ ಎಂದು ನಿರೂಪಕಿ ಒಂದೊಂದಕ್ಕೂ ಊರು ಹೇಳಿದಳು. ಅವಳ ಕೈಯಲ್ಲಿದ್ದ ಪಟ್ಟಿಯನ್ನು ಆಮೇಲೆ ನೋಡಿದೆ. ರದ್ದಾದ ನಮ್ಮ ಕುಣಿತವನ್ನು ಗೀಟೆಳೆದು ಹೊಡೆದಿದ್ದರು. ಬರೆದದ್ದು ಮಾತ್ರ ಇನ್ನೂ ಕಾಣುತ್ತಿತ್ತು: 'ಆಫ್ರಿಕನ್ ಡಾನ್ಸ್'. ಯಲ್ಲಾಪುರ ಇರುವುದು ಕರ್ನಾಟಕದಲ್ಲಿ.

ನವೆಂಬರ್ 2, ಗುರುವಾರ

ಒಂಬತ್ತನೇ ತರಗತಿಯಲ್ಲಿ ನನ್ನ ಪೀರಿಯಡ್ಡಿನಲ್ಲೇ ಎಲ್ಲ ಹೇಳಿದೆ. ಮಕ್ಕಳು ಕೂತರು, ಕೇಳಿದರು. ಕೊನೆಗೆ ಒಬ್ಬ ಎದ್ದು, "ಮಿಸ್, ನಮ್ಮ ಬಿಲ್ಡಿಂಗಲ್ಲಿ ಆಫ್ರಿಕಾದ ಸ್ಟೂಡೆಂಟ್ಸ್ ಇದ್ದಾರೆ. ಅವರ ಹತ್ರ ಓನರ್ ಜಾಸ್ತಿ ಅಡ್ವಾನ್ಸ್ ಇಸ್ಕೊಳ್ತಾರೆ. ಯಾಕೆ?" ಎಂದ.

2016ರ ಜನವರಿ 31ರಂದು ಇದೇ ಬೆಂಗಳೂರಿನಲ್ಲಿ ನಡೆದದ್ದನ್ನು ಅವನಿಗೆ ಹೇಳಿದೆ. ಅಪಘಾತ ಮಾಡಿದವನು ಸುಡಾನಿನವನು. ಜನರ ಗುಂಪು ಹೊಡೆದದ್ದು ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು. ನೋಡಿದ್ದು ಬಣ್ಣ ಮಾತ್ರ.

ಆಟೋದವರ ಹೊಗಳಿಕೆಯನ್ನೂ ಆ ಗುಂಪಿನ ಏಟನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆದರೆ ಎರಡರ ಬೇರೂ ಒಂದೇ: ಮುಖ ನೋಡಿ ಮನುಷ್ಯರನ್ನು ತೀರ್ಮಾನಿಸುವುದು. "ನಾನು ಆಫ್ರಿಕಾದವಳಲ್ಲ" ಎಂದು ಹೇಳಿ ಪಾರಾಗುವ ಆಸೆಯೂ ನನಗಿಲ್ಲ. ಆಫ್ರಿಕಾದಿಂದ ಓದಲು ಬಂದ ಹುಡುಗಿಗೂ ಬೇರೆಯವರು ಕೊಡುವಷ್ಟೇ ಅಡ್ವಾನ್ಸಿಗೆ ಮನೆ ಸಿಗಬೇಕು.

ಜನಾಂಗದ ಹೆಸರಿನಲ್ಲಿ ರಾಜ್ಯ ತಾರತಮ್ಯ ಮಾಡಕೂಡದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಸ್ಟಾಫ್ ರೂಮಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ಅದನ್ನು ಪಾಲಿಸಬೇಕಾದವರು ನಾವೇ. ನಮ್ಮ ಕುಣಿತವನ್ನು ಮೆಚ್ಚುವವರು ನಮ್ಮ ಚರಿತ್ರೆಯನ್ನೂ ಓದಲಿ. ಕರ್ನಾಟಕದ ಪಠ್ಯದಲ್ಲಿ ಸಿದ್ದಿಗಳ ಬಗ್ಗೆ ಒಂದು ಪೂರ್ತಿ ಪಾಠ ಬರಲಿ.